ಕಂಡದ್ದು ಪರೀಕ್ಷೆಯಾಗುವವರೆಗೆ: ಜಾರ್ಜ್ ಪಾಪಾನಿಕೊಲಾವ್ ಅವರ ವೈದ್ಯಸಾಧನೆ

ಸ್ತ್ರೀಯರ ಜನನಾಂಗಗಳಿಗೆ ತಗಲುವ ಕ್ಯಾನ್ಸರುಗಳ ಪೈಕಿ ಗರ್ಭಕಂಠದ ಕ್ಯಾನ್ಸರಿಗೆ, ಅಂದರೆ ಗರ್ಭಕೋಶದ ಕೆಳತುದಿಯಲ್ಲಿ ಯೋನಿಯೊಳಕ್ಕೆ ಚಾಚಿಕೊಂಡಿರುವ ಕಿರಿದಾದ ಕೊರಳಿನ ಭಾಗದಲ್ಲಿ ಹುಟ್ಟುವ ಕ್ಯಾನ್ಸರಿಗೆ, ವೈದ್ಯಕೀಯದ ಚರಿತ್ರೆಯಲ್ಲಿ ಒಂದು ವಿಶೇಷ ಸ್ಥಾನವಿದೆ. ಯಾವ ತೊಂದರೆಯೂ ಇಲ್ಲದೆ ಮನೆ, ಹೊಲ, ಕಚೇರಿಗಳಲ್ಲಿ ದುಡಿಯುತ್ತಿರುವ ಹೆಂಗಸರನ್ನು ಪರೀಕ್ಷಿಸಿ, ಕ್ಯಾನ್ಸರು ಕ್ಯಾನ್ಸರಾಗುವ ಮೊದಲಿನ ಅವಸ್ಥೆಯಲ್ಲೇ ಅದನ್ನು ಗುರುತಿಸಿ ತಡೆಯಬಹುದೆಂಬುದು ದೊಡ್ಡ ಪ್ರಮಾಣದಲ್ಲಿ ಮೊದಲು ಸಾಬೀತಾದದ್ದು ಈ ರೋಗದ ವಿಷಯದಲ್ಲಿ. ಅದಕ್ಕೆ ಆಧಾರವಾದ ವಿಧಾನವನ್ನು ರೂಪಿಸಿದವರು ಗ್ರೀಸಿನಲ್ಲಿ ಹುಟ್ಟಿ, ಜರ್ಮನಿಯಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿ, ನ್ಯೂಯಾರ್ಕಿನಲ್ಲಿ ಸುಮಾರು ಅರ್ಧ ಶತಮಾನ ದುಡಿದ ವೈದ್ಯ ಜಾರ್ಜ್ ಪಾಪಾನಿಕೊಲಾವ್ (1883–1962). ಅವರ ಹೆಸರಿನ ಮೊದಲ ತುಣುಕು ‘ಪ್ಯಾಪ್ ಸ್ಮಿಯರ್’ ಎಂಬ ಪದದಲ್ಲಿ ಸೇರಿಹೋಗಿ, ಇಂದು ನಮ್ಮ ಆಸ್ಪತ್ರೆಗಳ ಚೀಟಿಗಳ ಮೇಲೂ ಕಾಣಸಿಗುತ್ತದೆ.

ಪಾಪಾನಿಕೊಲಾವ್ ಅವರ ಬದುಕನ್ನು ಕುರಿತ ಜನಪ್ರಿಯ ಬರಹಗಳಿಗೆ ಸಾಮಾನ್ಯವಾಗಿ ಒಂದೇ ಅಚ್ಚು ಇದೆ. 1928ರಲ್ಲಿ ಅವರು ಹೇಳಿದ್ದನ್ನು ಯಾರೂ ಕೇಳಲಿಲ್ಲ, 1941ರಲ್ಲಿ ಎಲ್ಲರೂ ಒಪ್ಪಿದರು, ನಡುವಿನ ಹದಿಮೂರು ವರ್ಷ ವೈದ್ಯಲೋಕದ ಕಿವುಡುತನದ ಕಾಲ ಎಂಬುದು ಆ ಅಚ್ಚು. ಈ ಚಿತ್ರ ಆಕರ್ಷಕವಾದರೂ ಅವರ ಪ್ರಕಟಣೆಗಳನ್ನು ಕಾಲಾನುಕ್ರಮದಲ್ಲಿ ಎದುರಿಗಿಟ್ಟುಕೊಂಡು ನೋಡಿದಾಗ ನಿಲ್ಲುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಒಬ್ಬ ಸಂಶೋಧಕನಿಗೆ ಕಂಡ ಸಂಗತಿ, ಬೇರೆಯವರೂ ಮಾಡಿನೋಡಬಹುದಾದ, ತಪ್ಪು ಸರಿಗಳನ್ನು ಎಣಿಸಬಹುದಾದ ಒಂದು ಪರೀಕ್ಷೆಯಾಗಿ ಮಾರ್ಪಡಲು ಆ ಕಾಲ ಬೇಕಾಗಿತ್ತು. ಆ ಪರೀಕ್ಷೆ ಸಾವುಗಳನ್ನು ತಗ್ಗಿಸುವ ಸೇವೆಯಾಗಿ ಬೆಳೆಯಲು ಅದಕ್ಕಿಂತಲೂ ದೀರ್ಘವಾದ ಕಾಲ ಹಿಡಿಯಿತು. ಭಾರತದ ಮಟ್ಟಿಗೆ ಆ ಎರಡನೆಯ ಪಯಣ ಇನ್ನೂ ಮುಗಿದಿಲ್ಲ. ಈ ಉಪನ್ಯಾಸವು ಅವರ ವೃತ್ತಿಜೀವನವನ್ನು ಈ ಎರಡು ಅಂತರಗಳ ದೃಷ್ಟಿಯಿಂದ ಪರಿಶೀಲಿಸುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ರೋಗದ ಚಿಕಿತ್ಸೆ ಎಲ್ಲಿಗೆ ಬಂದು ನಿಂತಿತ್ತು ಎಂಬುದನ್ನು ಮೊದಲು ತಿಳಿಯಬೇಕು. ವಿಯೆನ್ನಾದ ಅರ್ನ್ಸ್ಟ್ ವರ್ಟ್‌ಹೈಮ್ 1898ರಲ್ಲಿ ಗರ್ಭಕೋಶವನ್ನೂ ಅದರ ಸುತ್ತಲಿನ ಅಂಗಾಂಶವನ್ನೂ ದುಗ್ಧರಸ ಗ್ರಂಥಿಗಳನ್ನೂ ಒಟ್ಟಾಗಿ ತೆಗೆಯುವ ವ್ಯಾಪಕ ಶಸ್ತ್ರಕ್ರಿಯೆಯನ್ನು ಆರಂಭಿಸಿ, 1911ರಲ್ಲಿ 500 ರೋಗಿಗಳ ಅನುಭವವನ್ನು ಪ್ರಕಟಿಸಿದ್ದರು; ಶಸ್ತ್ರಕ್ರಿಯೆಯಿಂದಲೇ ಸಾಯುವವರ ಸಂಖ್ಯೆ ಮೊದಲ ವರ್ಷಗಳಲ್ಲಿ ಭಯ ಹುಟ್ಟಿಸುವಷ್ಟಿತ್ತು. ರೇಡಿಯಮ್ ದೊರೆತ ಮೇಲೆ ವಿಕಿರಣ ಚಿಕಿತ್ಸೆ ಅದರ ಜೊತೆಗೆ ಸೇರಿಕೊಂಡಿತು. ಆದರೆ ಎರಡೂ ಚಿಕಿತ್ಸೆಗಳ ಮಿತಿ ಒಂದೇ ಆಗಿತ್ತು. ಅಕಾಲದ ರಕ್ತಸ್ರಾವ, ದುರ್ವಾಸನೆಯ ಬಿಳಿಸೆರಗು, ಸೊಂಟದ ನೋವು ಇವು ಕಾಣಿಸಿಕೊಂಡು ಹೆಂಗಸು ವೈದ್ಯರ ಬಳಿಗೆ ಬರುವ ಹೊತ್ತಿಗೆ, ಅದೂ ಸಂಕೋಚವನ್ನು ಗೆದ್ದು ಬರುವ ಹೊತ್ತಿಗೆ, ಗಡ್ಡೆ ಗರ್ಭಕಂಠವನ್ನು ದಾಟಿ ಬಹಳ ದೂರ ಹೋಗಿರುತ್ತಿತ್ತು. ಶಸ್ತ್ರವೈದ್ಯರ ಕೈಚಳಕ ಎಷ್ಟೇ ಹೆಚ್ಚಿದರೂ, ತಡವಾಗಿ ಬಂದ ರೋಗಿಯ ವಿಷಯದಲ್ಲಿ ಅದು ಮಾಡಬಹುದಾದ ಕೆಲಸ ಸ್ವಲ್ಪವೇ.

ಈ ಸಮಸ್ಯೆಗೆ ಪರಿಹಾರ ಶಸ್ತ್ರಕ್ರಿಯೆಯ ಕೊಠಡಿಯಿಂದ ಬರಲಿಲ್ಲ, ಸ್ತ್ರೀರೋಗ ತಜ್ಞರಿಂದಲೂ ಬರಲಿಲ್ಲ. ಯೂಬಿಯಾ ದ್ವೀಪದ ಕಿಮಿ ಎಂಬ ಊರಿನಲ್ಲಿ 1883ರ ಮೇ 13ರಂದು ವೈದ್ಯರೊಬ್ಬರ ಮಗನಾಗಿ ಹುಟ್ಟಿದ ಪಾಪಾನಿಕೊಲಾವ್, 1904ರಲ್ಲಿ ಅಥೆನ್ಸ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರೂ ತಂದೆಯಂತೆ ಊರಿನಲ್ಲಿ ವೈದ್ಯವೃತ್ತಿ ನಡೆಸಲು ಒಲ್ಲದೆ ಜರ್ಮನಿಗೆ ಹೋಗಿ, 1910ರಲ್ಲಿ ಮ್ಯೂನಿಕ್ಕಿನಲ್ಲಿ ರಿಚರ್ಡ್ ಹರ್ಟ್‌ವಿಗ್ ಅವರ ಕೈಕೆಳಗೆ ಡಾಕ್ಟರೇಟ್ ಮುಗಿಸಿದರು. ಪ್ರಬಂಧದ ವಿಷಯ ಕೆರೆ ಹೊಂಡಗಳಲ್ಲಿ ಬದುಕುವ ‘ಡಾಫ್ನಿಯಾ’ ಎಂಬ ಅತಿಸಣ್ಣ ಜಲಜೀವಿಯಲ್ಲಿ ಗಂಡು ಹೆಣ್ಣುಗಳ ನಿರ್ಣಯ ಹೇಗಾಗುತ್ತದೆ ಎಂಬುದು. ಲಿಂಗ ನಿರ್ಣಯ, ಅಂಡದ ಬೆಳವಣಿಗೆ, ಸಂತಾನ ಚಕ್ರ ಈ ಮೂರರ ಸುತ್ತಲೇ ಅವರ ಬುದ್ಧಿ ಕೊನೆಯವರೆಗೂ ಓಡಾಡಿತೆಂಬುದನ್ನು ನೆನಪಿನಲ್ಲಿಟ್ಟರೆ, ಅವರು ಕ್ಯಾನ್ಸರಿನ ಕ್ಷೇತ್ರಕ್ಕೆ ಹೊರಗಿನಿಂದ, ಪಕ್ಕದ ಬಾಗಿಲಿನಿಂದ ಬಂದವರೆಂಬುದು ಸ್ಪಷ್ಟವಾಗುತ್ತದೆ. ಮೊನಾಕೋದ ಸಾಗರ ಸಂಶೋಧನ ಸಂಸ್ಥೆಯಲ್ಲಿ ಕೆಲಕಾಲ ದುಡಿದು, ಬಾಲ್ಕನ್ ಯುದ್ಧದಲ್ಲಿ ಸೇವೆ ಸಲ್ಲಿಸಿ, 1913ರ ಅಕ್ಟೋಬರಿನಲ್ಲಿ ಪತ್ನಿ ಆಂಡ್ರೊಮಾಕೆಯವರೊಡನೆ, ಮುಂದೆ ಎಲ್ಲರೂ ಮೇರಿ ಎಂದು ಕರೆದ ಆಕೆಯೊಡನೆ, ಅವರು ನ್ಯೂಯಾರ್ಕಿಗೆ ಬಂದಿಳಿದರು. ಇಬ್ಬರಿಗೂ ಇಂಗ್ಲಿಷ್ ಬಾರದು. ಅಂಗಡಿಯಲ್ಲಿ ನೆಲಹಾಸು ಮಾರುವುದು, ಹೋಟೆಲಿನಲ್ಲಿ ಪಿಟೀಲು ನುಡಿಸುವುದು, ಗ್ರೀಕ್ ಪತ್ರಿಕೆಯ ಕಚೇರಿಯಲ್ಲಿ ಗುಮಾಸ್ತಿಕೆ ಹೀಗೆ ಸಿಕ್ಕ ಕೆಲಸವನ್ನು ಮಾಡುತ್ತಿದ್ದ ಅವರಿಗೆ ದಾರಿ ತೋರಿದ್ದು ಆ ಡಾಫ್ನಿಯಾ ಪ್ರಬಂಧವೇ. ಕೊಲಂಬಿಯಾ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಅವರಿಗೆ ಆ ಕೆಲಸದ ಪರಿಚಯವಿದ್ದುದರಿಂದ ಶಿಫಾರಸು ಸುಲಭವಾಯಿತು. 1914ರಲ್ಲಿ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಚಾರ್ಲ್ಸ್ ಸ್ಟಾಕರ್ಡ್ ಅವರ ಸಹಾಯಕರಾಗಿ ಸೇರಿದ ಪಾಪಾನಿಕೊಲಾವ್ 1961ರವರೆಗೆ ಆ ಸಂಸ್ಥೆಯಲ್ಲಿ ಉಳಿದರು.

ಕಾರ್ನೆಲ್‌ನಲ್ಲಿ ಅವರ ಮೊದಲ ಮೂರು ವರ್ಷಗಳ ಕೆಲಸಕ್ಕೆ ಕ್ಯಾನ್ಸರಿನ ಚರಿತ್ರೆಯಲ್ಲಿ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ. ಸ್ಟಾಕರ್ಡ್ ಅವರ ಪ್ರಯೋಗಾಲಯದಲ್ಲಿ ಗಿನಿಪಿಗ್‌ಗಳ ಮೇಲೆ ಮದ್ಯಸಾರದ ಪರಿಣಾಮವನ್ನು ಪರಿಶೀಲಿಸಲಾಗುತ್ತಿತ್ತು. ಪಾಪಾನಿಕೊಲಾವ್ ಅವರಿಗೆ ಬೇಕಾಗಿದ್ದುದು ಅಂಡ ಬಿಡುಗಡೆಯಾಗುವ ಹೊತ್ತಿಗೆ ಸರಿಯಾಗಿ ಸಂಗ್ರಹಿಸಿದ ಅಂಡಗಳು. ಆ ಹೊತ್ತು ಯಾವುದೆಂದು ತಿಳಿಯಲು ಪ್ರಾಣಿಯನ್ನು ಕೊಂದು ಅಂಡಾಶಯವನ್ನು ನೋಡುವುದಲ್ಲದೆ ಬೇರೆ ದಾರಿ ಇರಲಿಲ್ಲ. ಗಿನಿಪಿಗ್‌ನಲ್ಲಿ ಮುಟ್ಟಿನಂಥ ಹೊರಗಿನ ಗುರುತು ಯಾವುದೂ ಕಾಣುವುದಿಲ್ಲ. ಆದರೂ ಒಳಗೆ ಬದಲಾವಣೆ ನಡೆಯುತ್ತಲೇ ಇರಬೇಕೆಂದು ಊಹಿಸಿದ ಅವರು, ಮೂಗಿನೊಳಗೆ ನೋಡಲು ವೈದ್ಯರು ಬಳಸುವ ಪುಟ್ಟ ಉಪಕರಣದಿಂದ ಪ್ರಾಣಿಯ ಯೋನಿಯನ್ನು ಅಗಲಿಸಿ, ಅಲ್ಲಿನ ತೇವವನ್ನು ದಿನದಿನವೂ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹೀಗೆ ಸವರಿದ ತೆಳುಪದರವೇ ‘ಸ್ಮಿಯರ್’ ಅಥವಾ ಲೇಪನ. ಕೆಲವು ದಿನ ಲೇಪನದ ತುಂಬ ಚಪ್ಪಟೆಯಾದ ಮೇಲ್ಪದರದ ಕೋಶಗಳು, ಇನ್ನು ಕೆಲವು ದಿನ ಬಿಳಿ ರಕ್ತಕಣಗಳ ದಂಡು, ಮತ್ತೆ ಕೆಲವು ದಿನ ಎರಡೂ ಕಲೆತ ನೋಟ. ಈ ನೋಟಗಳು ಸುಮಾರು ಹದಿನಾರು ದಿನಗಳಿಗೊಮ್ಮೆ ಅದೇ ಕ್ರಮದಲ್ಲಿ ಮರಳುತ್ತಿದ್ದವು. 1917ರಲ್ಲಿ ಸ್ಟಾಕರ್ಡ್ ಅವರೊಡನೆ ಪ್ರಕಟಿಸಿದ ಲೇಖನ ಗಿನಿಪಿಗ್‌ಗೆ ನಿಯತವಾದ ಋತುಚಕ್ರವಿದೆಯೆಂಬುದನ್ನು ಸ್ಥಾಪಿಸಿತು. ಪ್ರಾಣಿಯನ್ನು ಕೊಲ್ಲದೆ, ಅದರ ದೇಹದಿಂದ ತಾನಾಗಿ ಉದುರುವ ಕೋಶಗಳನ್ನು ನೋಡಿ ಒಳಗಿನ ಅಂಡಾಶಯ ಯಾವ ಹಂತದಲ್ಲಿದೆಯೆಂದು ಹೇಳಬಹುದು ಎಂಬುದು ಅದರ ಸಾರ. ಎಡ್ಗರ್ ಆಲೆನ್ ಮತ್ತು ಎಡ್ವರ್ಡ್ ಡಾಯ್ಸಿ 1923ರಲ್ಲಿ ಅಂಡಾಶಯದ ಹಾರ್ಮೋನನ್ನು ಗುರುತಿಸಲು ಬಳಸಿದ್ದು ಇದೇ ಬಗೆಯ ಲೇಪನವನ್ನು. ಈಸ್ಟ್ರೊಜೆನ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಆ ಹಾರ್ಮೋನಿನ ಸಂಶೋಧನೆಗೆ ಈ ಲೇಖನ ಒದಗಿಸಿದ ನೆರವನ್ನು ಗಣಿಸಿದರೆ, ಪಾಪಾನಿಕೊಲಾವ್ ಕ್ಯಾನ್ಸರಿನ ಕಡೆಗೆ ತಿರುಗದೇ ಇದ್ದಿದ್ದರೂ ಅವರ ಹೆಸರು ಶರೀರಕ್ರಿಯಾ ಶಾಸ್ತ್ರದ ಗ್ರಂಥಗಳಲ್ಲಿ ಉಳಿಯುತ್ತಿತ್ತೆಂದು ಹೇಳಲು ಅಡ್ಡಿಯಿಲ್ಲ.

ಗಿನಿಪಿಗ್‌ನಿಂದ ಮನುಷ್ಯರ ಕಡೆಗೆ ಬರುವುದು ಸಹಜವಾದ ಮುಂದಿನ ಹೆಜ್ಜೆ. ಆ ಹೆಜ್ಜೆಗೆ ಆಧಾರವಾದವರು ಮೇರಿ. ಸಂಬಳವಿಲ್ಲದೆ ಪತಿಯ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ದುಡಿಯುತ್ತಿದ್ದ ಆಕೆ, ವರ್ಷಗಟ್ಟಲೆ ತನ್ನದೇ ಲೇಪನಗಳನ್ನು ಒದಗಿಸುತ್ತ ಬಂದರು; ಆರೋಗ್ಯವಂತ ಹೆಂಗಸೊಬ್ಬರ ಋತುಚಕ್ರದ ಉದ್ದಕ್ಕೂ ಕೋಶಗಳು ಹೇಗೆ ಬದಲಾಗುತ್ತವೆಂಬ ದಾಖಲೆಗೆ ಅವೇ ಬುನಾದಿ. ರೋಗದ ಕೋಶವನ್ನು ಗುರುತಿಸಬೇಕಾದರೆ ಮೊದಲು ಸಹಜ ಕೋಶದ ನಾನಾ ರೂಪಗಳು ಕಣ್ಣಿಗೆ ಪಳಗಿರಬೇಕು. ಮುಂದೆ ಕೆಲವರು ಇದೇ ಪರೀಕ್ಷೆಯನ್ನು ಅವಸರದಲ್ಲಿ ಕೈಗೆತ್ತಿಕೊಂಡು ಸೋತದ್ದು ಈ ಪಳಗುವಿಕೆಯ ಕೊರತೆಯಿಂದಲೇ. ಸಂಶೋಧನೆಯ ಶ್ರೇಯಸ್ಸನ್ನು ಹಂಚುವಾಗ ಮೇರಿಯವರ ಹೆಸರನ್ನು ತ್ಯಾಗಮಯಿ ಮಡದಿಯೆಂಬ ಹೊಗಳಿಕೆಯಲ್ಲಿ ಮುಗಿಸಿಬಿಡುವ ವಾಡಿಕೆಯಿದೆ. ಆಕೆ ಮಾಡಿದ್ದು ಪ್ರಯೋಗಾಲಯದ ನುರಿತ ಕೆಲಸವೆಂದೇ ಎಣಿಸುವುದು ನ್ಯಾಯ.

1925ರಲ್ಲಿ ಪಾಪಾನಿಕೊಲಾವ್ ನ್ಯೂಯಾರ್ಕಿನ ಮಹಿಳಾ ಆಸ್ಪತ್ರೆಯ ರೋಗಿಗಳ ಮತ್ತು ಸ್ವಯಂಸೇವಕಿಯರ ಲೇಪನಗಳನ್ನು ಕ್ರಮವಾಗಿ ಪರೀಕ್ಷಿಸತೊಡಗಿದರು. ಆಗ ಗರ್ಭಕಂಠದ ಕ್ಯಾನ್ಸರಿದ್ದ ಹೆಂಗಸಿನ ಲೇಪನದಲ್ಲಿ ಅವರು ಅದುವರೆಗೆ ನೋಡಿರದಂಥ ಕೋಶಗಳು ಕಂಡವು. ಆರೋಗ್ಯವಾದ ಮೇಲ್ಪದರದ ಕೋಶ ಅಗಲವಾಗಿ ಹರಡಿಕೊಂಡಿದ್ದು ಅದರ ನಡುವೆ ಕೋಶಕೇಂದ್ರ ಒಂದು ಚಿಕ್ಕ ಚುಕ್ಕೆಯಂತಿರುತ್ತದೆ. ಕ್ಯಾನ್ಸರಿನ ಕೋಶದಲ್ಲಿ ಕೋಶಕೇಂದ್ರ ಹಿಗ್ಗಿ, ಬಣ್ಣವನ್ನು ಅತಿಯಾಗಿ ಹೀರಿ ಕಪ್ಪಾಗಿ, ಅಂಚು ಏರುಪೇರಾಗಿ, ಸುತ್ತಲಿನ ಕೋಶರಸಕ್ಕೆ ಜಾಗವೇ ಇಲ್ಲದಂತೆ ತುಂಬಿಕೊಂಡಿರುತ್ತದೆ. ಕೋಶಗಳ ಗಾತ್ರ ಮತ್ತು ಆಕಾರ ಒಂದರಂತೆ ಒಂದಿರುವುದಿಲ್ಲ. ಋತುಚಕ್ರವನ್ನು ಹುಡುಕಲು ಹೋದ ಪಾಪಾನಿಕೊಲಾವ್ ಅವರಿಗೆ ಸಿಕ್ಕಿದ್ದು ಕ್ಯಾನ್ಸರಿನ ಸುಳಿವು.

ಈ ಸಂಗತಿಯನ್ನು ಅವರು ಮೊದಲು ಸಾರ್ವಜನಿಕವಾಗಿ ಮಂಡಿಸಿದ್ದು 1928ರ ಜನವರಿಯಲ್ಲಿ, ಮಿಶಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ ನಡೆದ ಮೂರನೆಯ ‘ಜನಾಂಗ ಸುಧಾರಣಾ’ ಸಮ್ಮೇಳನದಲ್ಲಿ. ಉತ್ತಮ ವಂಶದವರು ಹೆಚ್ಚಾಗಿ ಹುಟ್ಟಬೇಕು, ‘ಕೀಳು’ ವಂಶದವರು ಹುಟ್ಟಬಾರದು ಎಂಬ ಯೂಜೆನಿಕ್ಸ್ ಸಿದ್ಧಾಂತಕ್ಕೆ ಮೀಸಲಾದ ಸಭೆ ಅದು. ಆ ಕಾಲದ ಅಮೆರಿಕದ ಅನೇಕ ಜೀವವಿಜ್ಞಾನಿಗಳಿಗೆ ಅದು ಗೌರವದ ವೇದಿಕೆಯಾಗಿತ್ತೆಂಬುದು ಇಂದು ಓದುವವರಿಗೆ ಕಸಿವಿಸಿ ಹುಟ್ಟಿಸುತ್ತದೆ. ಕ್ಯಾನ್ಸರ್ ರೋಗನಿದಾನದ ಹೊಸ ವಿಧಾನವನ್ನು ಹೇಳಲು ಅದು ತಕ್ಕ ಜಾಗವಂತೂ ಆಗಿರಲಿಲ್ಲ. ಕೇಳುಗರಲ್ಲಿ ಸ್ತ್ರೀರೋಗ ತಜ್ಞರು ಕಡಿಮೆ. ಪ್ರಕಟವಾದ ಬರಹ ಚಿಕ್ಕದು. ಎಷ್ಟು ಮಂದಿಯನ್ನು ಪರೀಕ್ಷಿಸಿದಾಗ ಎಷ್ಟು ಸರಿಯಾಯಿತು, ಎಷ್ಟು ತಪ್ಪಿತು ಎಂಬ ಲೆಕ್ಕ ಅದರಲ್ಲಿ ಓದುಗನನ್ನು ಒಪ್ಪಿಸುವ ರೀತಿಯಲ್ಲಿ ಇರಲಿಲ್ಲ.

ಇದೇ ಕಾಲದಲ್ಲಿ ರುಮೇನಿಯಾದ ಬುಕಾರೆಸ್ಟಿನಲ್ಲಿ ಔರೆಲ್ ಬಾಬೆಶ್ ಎಂಬ ವೈದ್ಯರು ಪ್ಲಾಟಿನಮ್ ತಂತಿಯ ಕುಣಿಕೆಯಿಂದ ಗರ್ಭಕಂಠದ ಮೇಲಿನ ಕೋಶಗಳನ್ನೇ ನೇರವಾಗಿ ತೆಗೆದು, ಒಣಗಿಸಿ, ಬಣ್ಣ ಹಾಕಿ ಕ್ಯಾನ್ಸರನ್ನು ಗುರುತಿಸುವ ವಿಧಾನವನ್ನು 1927ರಲ್ಲಿ ಅಲ್ಲಿನ ಸ್ತ್ರೀರೋಗ ಸಂಘಕ್ಕೆ ವರದಿ ಮಾಡಿ, 1928ರ ಏಪ್ರಿಲಿನಲ್ಲಿ ಫ್ರೆಂಚ್ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದರು. ಇಬ್ಬರಿಗೂ ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿದಿತ್ತೆನ್ನಲು ಆಧಾರವಿಲ್ಲ. ಮೊದಲಿಗರು ಯಾರು ಎಂಬ ವಾದ ರುಮೇನಿಯಾದಲ್ಲಿ ಇಂದಿಗೂ ಬಿಸಿಯಾಗಿದ್ದು, ಅಲ್ಲಿ ಈ ಪರೀಕ್ಷೆಗೆ ಬಾಬೆಶ್ ಅವರ ಹೆಸರನ್ನೂ ಸೇರಿಸಿ ಹೇಳುತ್ತಾರೆ. ಕೋಶ ತೆಗೆಯುವ ಜಾಗದ ಆಯ್ಕೆಯಲ್ಲಿ ಬಾಬೆಶ್ ಅವರದು ಹೆಚ್ಚು ಚುರುಕಾದ ವಿಧಾನವೆಂಬುದನ್ನು ಒಪ್ಪಬೇಕು; ಆದರೆ ಅವರು ಅದನ್ನು ಅಲ್ಲಿಗೇ ಬಿಟ್ಟರು. ಪಾಪಾನಿಕೊಲಾವ್ ಬಿಡಲಿಲ್ಲ, ಬದಿಗಿಟ್ಟರು ಮಾತ್ರ. ಚರಿತ್ರೆ ಅವರಿಬ್ಬರ ನಡುವೆ ಮಾಡಿದ ತೀರ್ಮಾನಕ್ಕೆ ಈ ವ್ಯತ್ಯಾಸವೇ ಕಾರಣ.

1928ರ ಬಳಿಕ ಎದ್ದ ಆಕ್ಷೇಪಗಳನ್ನು ಹಳೆಯ ಕಾಲದವರ ಹಟವೆಂದು ತಳ್ಳಿಹಾಕುವುದು ಸರಿಯಲ್ಲ. ಆಗಿನ ಅಮೆರಿಕದ ರೋಗಶಾಸ್ತ್ರಜ್ಞರಲ್ಲಿ ಅಗ್ರಗಣ್ಯರಾದ ಜೇಮ್ಸ್ ಯೂಯಿಂಗ್ ಅವರ ಗುಂಪಿನ ವಾದ ಸರಳವಾಗಿತ್ತು: ಗರ್ಭಕಂಠ ಕಣ್ಣಿಗೆ ಕಾಣುವ, ಕೈಗೆ ಎಟಕುವ ಅಂಗ, ಅಲ್ಲಿಂದ ಒಂದು ತುಣುಕು ಅಂಗಾಂಶವನ್ನು ಕತ್ತರಿಸಿ ನೋಡುವ ಬಯಾಪ್ಸಿ ಇರುವಾಗ ಉದುರಿದ ಬಿಡಿಕೋಶಗಳನ್ನು ನೋಡುವ ಅಗತ್ಯವೇನು? ರೋಗಲಕ್ಷಣಗಳೊಡನೆ ಬಂದ ರೋಗಿಯ ಮಟ್ಟಿಗೆ ಈ ವಾದ ಸರಿ. ಇಂದಿಗೂ ಕ್ಯಾನ್ಸರಿನ ಖಚಿತ ನಿರ್ಣಯ ಬಯಾಪ್ಸಿಯಿಂದಲೇ. ವಾದದಲ್ಲಿ ಬಿಟ್ಟುಹೋಗಿದ್ದುದು ರೋಗಲಕ್ಷಣವೇ ಇಲ್ಲದ ಹೆಂಗಸು. ಅವಳ ದೇಹದಿಂದ ತುಣುಕನ್ನು ಕತ್ತರಿಸಲು ಯಾರಿಗೂ ಕಾರಣವಿರುವುದಿಲ್ಲ, ಲೇಪನ ತೆಗೆಯಲು ಮಾತ್ರ ಇರಬಹುದು. ಲೇಪನದ ನಿಜವಾದ ಉಪಯೋಗ ಆಕೆಯಲ್ಲಿ ಎಂಬ ಮಾತು 1928ರ ಬರಹದಲ್ಲಿ ಸುಳಿವಿನಂತೆ ಮಾತ್ರ ಇತ್ತು. ಅದನ್ನು ರುಜುವಾತುಪಡಿಸುವ ಸಾಮಗ್ರಿ ಪಾಪಾನಿಕೊಲಾವ್ ಅವರ ಬಳಿಯೂ ಆಗ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಅವರು ಮತ್ತೆ ಹಾರ್ಮೋನುಗಳ ಕಡೆಗೆ ಮರಳಿ, ಲೇಪನಗಳ ಮೂಲಕ ಕಾಣುವ ಸ್ತ್ರೀ ಋತುಚಕ್ರವನ್ನು ಕುರಿತ ದೀರ್ಘ ಪ್ರಬಂಧವನ್ನು 1933ರಲ್ಲಿ ಪ್ರಕಟಿಸಿದರು. ಸೋತು ಸುಮ್ಮನಿದ್ದ ಕಾಲವೆಂದು ಕಥೆಗಳು ಹೇಳುವ ಈ ಅವಧಿಯಲ್ಲಿಯೇ ಅವರ ಕಣ್ಣು ಸಾವಿರಾರು ಸಹಜ ಲೇಪನಗಳ ಮೇಲೆ ಹದಗೊಂಡಿತು.

1939ರಲ್ಲಿ ಸ್ಟಾಕರ್ಡ್ ತೀರಿಕೊಂಡ ಮೇಲೆ ವಿಭಾಗದ ಮುಖ್ಯಸ್ಥರಾಗಿ ಬಂದ ಜೋಸೆಫ್ ಹಿನ್ಸಿ ಅವರು ಕ್ಯಾನ್ಸರಿನ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳುವಂತೆ ಹುರಿದುಂಬಿಸಿದರು. ಅದಕ್ಕಿಂತ ನಿರ್ಣಾಯಕವಾದದ್ದು ಸ್ತ್ರೀರೋಗ ತಜ್ಞ ಹರ್ಬರ್ಟ್ ಟ್ರಾಟ್ ಅವರ ಜೊತೆಗೂಡಿಕೆ. ನ್ಯೂಯಾರ್ಕ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ದಾಖಲಾಗುವ ಹೆಂಗಸರೆಲ್ಲರಿಂದ, ಯಾವ ಕಾಯಿಲೆಗೆ ಬಂದಿದ್ದರೂ ಸರಿ, ಲೇಪನವನ್ನು ತೆಗೆಯುವ ಏರ್ಪಾಟಾಯಿತು. ಇಲ್ಲಿಗೆ ಮೊದಲ ಬಾರಿ ಎಣಿಸಬಲ್ಲ ಸಾಮಗ್ರಿ ಸಿಕ್ಕಿತು. ಲೇಪನ ಹೇಳಿದ್ದನ್ನು ಬಯಾಪ್ಸಿ ಹೇಳಿದ್ದರೊಂದಿಗೆ ಹೋಲಿಸಿ ನೋಡುವ ಅವಕಾಶವಾಯಿತು. ಹೊರಗೆ ಯಾವ ಗುರುತೂ ಕಾಣದ ಕೆಲವು ಹೆಂಗಸರ ಲೇಪನಗಳಲ್ಲಿ ಕ್ಯಾನ್ಸರಿನ ಕೋಶಗಳು ಕಂಡು, ಮುಂದಿನ ಪರೀಕ್ಷೆ ಅದನ್ನು ಖಚಿತಪಡಿಸಿತು. 1941ರ ಆಗಸ್ಟಿನಲ್ಲಿ ಇಬ್ಬರೂ ಸೇರಿ ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ಪತ್ರಿಕೆಯಲ್ಲಿ ಬರೆದ ಲೇಖನವೂ 1943ರಲ್ಲಿ ಬಂದ ಪುಸ್ತಕವೂ ಈ ಹೋಲಿಕೆಯ ಫಲ. ಆ ಪುಸ್ತಕದ ಬಣ್ಣದ ಚಿತ್ರಗಳನ್ನು ಬರೆದವರು ಜಪಾನ್ ಮೂಲದ ಕಲಾವಿದ ಹಾಶಿಮೆ ಮುರಾಯಾಮಾ. ಕೋಶವನ್ನು ಮಾತಿನಲ್ಲಿ ವರ್ಣಿಸಿದರೆ ಓದುಗ ಅದನ್ನು ಗುರುತಿಸಲಾರ. ಚಿತ್ರ ನೋಡಿದ ದೂರದ ಊರಿನ ವೈದ್ಯ ತನ್ನ ಸ್ಲೈಡಿನಲ್ಲಿ ಅದನ್ನೇ ಹುಡುಕಬಲ್ಲ. ಹೀಗಾಗಿ ಈ ಪುಸ್ತಕದಲ್ಲಿ ಚಿತ್ರಕಾರನ ಪಾಲು ಅಲಂಕಾರದ್ದಲ್ಲ.

1941ರ ಲೇಖನ ಮತ್ತು 1943ರ ಪುಸ್ತಕದ ನಡುವೆ, 1942ರಲ್ಲಿ, ಪ್ರಕಟವಾದ ಬಣ್ಣಗಾರಿಕೆಯ ಲೇಖನವನ್ನು ಸಾಮಾನ್ಯ ಓದುಗರು ಗಮನಿಸುವುದಿಲ್ಲ, ಪ್ರಯೋಗಾಲಯದವರು ಮಾತ್ರ ಮರೆಯುವುದಿಲ್ಲ. ಲೇಪನವನ್ನು ಗಾಳಿಯಲ್ಲಿ ಒಣಗಲು ಬಿಡದೆ, ತೇವವಾಗಿರುವಾಗಲೇ ಈಥರ್ ಮತ್ತು ಮದ್ಯಸಾರದ ಮಿಶ್ರಣದಲ್ಲಿ ಅದ್ದಿ ಸ್ಥಿರಪಡಿಸಿ, ಅನಂತರ ಕೋಶಕೇಂದ್ರಕ್ಕೆ ಒಂದು ಬಣ್ಣ, ಕೋಶರಸಕ್ಕೆ ಬೇರೆ ಬಣ್ಣಗಳು ಹತ್ತುವಂತೆ ಮಾಡುವ ಕ್ರಮ ಅದು. ಒಣಗಿದ ಕೋಶ ಉಬ್ಬಿ ತನ್ನ ವಿವರಗಳನ್ನು ಕಳೆದುಕೊಳ್ಳುತ್ತದೆ. ತೇವದಲ್ಲೇ ಸ್ಥಿರಪಡಿಸಿದ ಕೋಶದಲ್ಲಿ ಕೋಶಕೇಂದ್ರದ ಒಳಗಿನ ಹರಳುಹರಳಾದ ರಚನೆ ಕೂಡ ತಿಳಿಯಾಗಿ ಕಾಣುತ್ತದೆ. ಇಂದು ಲೋಕದ ಮೂಲೆಮೂಲೆಗಳಲ್ಲಿ ಬಳಕೆಯಲ್ಲಿರುವುದು ಈ ಬಣ್ಣದ ಕ್ರಮವೇ, ಸಣ್ಣಪುಟ್ಟ ಬದಲಾವಣೆಗಳೊಡನೆ. ಕೋಶ ಸಂಗ್ರಹಿಸುವ ರೀತಿ ಮಾತ್ರ ಬದಲಾಯಿತು. ಪಾಪಾನಿಕೊಲಾವ್ ಯೋನಿಯ ಹಿಂಭಾಗದಲ್ಲಿ ಶೇಖರವಾದ ದ್ರವವನ್ನು ಗಾಜಿನ ನಳಿಕೆಯಿಂದ ಹೀರಿ ತೆಗೆಯುತ್ತಿದ್ದರು, ಕೆನಡಾದ ಜೆ. ಅರ್ನೆಸ್ಟ್ ಏರ್ 1947ರಲ್ಲಿ ಮರದ ಚಪ್ಪಟೆ ಕಡ್ಡಿಯೊಂದರ ತುದಿಯನ್ನು ಗರ್ಭಕಂಠದ ಆಕಾರಕ್ಕೆ ಹೊಂದುವಂತೆ ಕೊರೆದು, ಅದರಿಂದ ಗರ್ಭಕಂಠವನ್ನೇ ಸುತ್ತಲೂ ಕೆರೆದು ತೆಗೆಯುವ ಪದ್ಧತಿ ತಂದರು. ಕ್ಯಾನ್ಸರು ಬಹುಪಾಲು ಹುಟ್ಟುವುದು ಗರ್ಭಕಂಠದ ಹೊರಮೈಯ ಚಪ್ಪಟೆ ಕೋಶಗಳೂ ಒಳಕಾಲುವೆಯ ನೀಳ ಕೋಶಗಳೂ ಸಂಧಿಸುವ ಗಡಿಯಲ್ಲಾದುದರಿಂದ, ಆ ಗಡಿಯಿಂದಲೇ ಕೋಶ ತೆಗೆಯುವುದು ಹೆಚ್ಚು ಫಲಕಾರಿ. ಬಾಬೆಶ್ ಕಂಡಿದ್ದ ಜಾಗವೂ ಇದೇ.

ಸಿದ್ಧವಾದ ಪರೀಕ್ಷೆಯನ್ನು ಹಬ್ಬಿಸುವ ಕೆಲಸದಲ್ಲಿ ಬೇರೆ ಅನೇಕರ ಪಾಲಿದೆ. ಬಾಸ್ಟನ್ನಿನಲ್ಲಿ ಜೋ ಮೀಗ್ಸ್ ಅವರ ಆಸ್ಪತ್ರೆಯಲ್ಲಿ ರೂತ್ ಗ್ರಹಾಂ ಕೋಶಪರೀಕ್ಷೆಯ ಪ್ರಯೋಗಾಲಯವನ್ನು ಕಟ್ಟಿದರು. ಅಮೆರಿಕನ್ ಕ್ಯಾನ್ಸರ್ ಸೊಸೈಟಿ 1940ರ ದಶಕದ ಕೊನೆಯಿಂದ ಪರೀಕ್ಷೆಯ ಪ್ರಚಾರಕ್ಕೆ ಬೆನ್ನುಕೊಟ್ಟಿತು. ಕಾರ್ನೆಲ್‌ನಲ್ಲಿ ಪಾಪಾನಿಕೊಲಾವ್ ನಡೆಸಿದ ತರಗತಿಗಳಿಗೆ ಬಂದು ಕಲಿತುಹೋದವರು ತಮ್ಮ ತಮ್ಮ ಊರುಗಳಲ್ಲಿ ಬೇರೆಯವರಿಗೆ ಕಲಿಸಿದರು. ಸ್ಲೈಡುಗಳನ್ನು ನೋಡುವುದಕ್ಕೆಂದೇ ತರಬೇತಿ ಪಡೆದ ಒಂದು ಹೊಸ ವೃತ್ತಿವರ್ಗ ಹುಟ್ಟಿತು. ಅದರಲ್ಲಿ ಹೆಚ್ಚಿನವರು ಹೆಂಗಸರು, ಸಂಬಳ ಕಡಿಮೆ, ಕೆಲಸ ಕಣ್ಣು ನೋಯಿಸುವಂಥದು. ದಿನಕ್ಕೆ ಮಿತಿಮೀರಿ ಸ್ಲೈಡುಗಳನ್ನು ನೋಡಿಸಿ, ರೋಗವನ್ನು ಕಣ್ತಪ್ಪಿಸಿಕೊಂಡ ಪ್ರಯೋಗಾಲಯಗಳ ಸುದ್ದಿ 1980ರ ದಶಕದ ಅಮೆರಿಕದಲ್ಲಿ ಹೊರಬಿದ್ದು, 1988ರಲ್ಲಿ ಪ್ರಯೋಗಾಲಯಗಳ ಗುಣಮಟ್ಟಕ್ಕೆ ಹೊಸ ಕಾನೂನನ್ನೇ ಮಾಡಬೇಕಾಯಿತು. ಯಂತ್ರವಿಲ್ಲದ, ಮನುಷ್ಯರ ಗಮನವನ್ನೇ ನೆಚ್ಚಿದ ಪರೀಕ್ಷೆಗೆ ಇದು ಹುಟ್ಟಿನಿಂದ ಬಂದ ದೌರ್ಬಲ್ಯ.

ಪಾಪಾನಿಕೊಲಾವ್ ಅವರ ಕೊನೆಯ ವರ್ಷಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. 1950ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಬಂತು, 1954ರಲ್ಲಿ ದೇಹದ ನಾನಾ ಅಂಗಗಳಿಂದ ಉದುರುವ ಕೋಶಗಳ ಬೃಹತ್ ಚಿತ್ರಸಂಪುಟ ಹೊರಬಂತು, ನೊಬೆಲ್ ಬರಲಿಲ್ಲ. ರಜೆ ತೆಗೆದುಕೊಳ್ಳದೆ ದುಡಿಯುವವರೆಂದು ಹೆಸರಾಗಿದ್ದ ಅವರು 1961ರ ಕೊನೆಯಲ್ಲಿ ಮಯಾಮಿಯ ಕ್ಯಾನ್ಸರ್ ಸಂಸ್ಥೆಯೊಂದನ್ನು ಮುನ್ನಡೆಸಲು ಹೋಗಿ, ಕೆಲವೇ ತಿಂಗಳಲ್ಲಿ, 1962ರ ಫೆಬ್ರವರಿ 19ರಂದು, ಹೃದಯಾಘಾತದಿಂದ ತೀರಿಕೊಂಡರು. ತಮ್ಮ ಪರೀಕ್ಷೆ ದೇಶದೇಶಗಳ ಮರಣ ಪ್ರಮಾಣವನ್ನು ಎಷ್ಟು ತಗ್ಗಿಸಿತೆಂಬ ಲೆಕ್ಕವನ್ನು ನೋಡಲು ಅವರು ಉಳಿದಿರಲಿಲ್ಲ.

ಆ ಲೆಕ್ಕ ಅತ್ಯಂತ ಸ್ಪಷ್ಟವಾಗಿ ಸಿಕ್ಕಿದ್ದು ಉತ್ತರ ಯುರೋಪಿನಿಂದ. ಐದು ನಾರ್ಡಿಕ್ ದೇಶಗಳ ಅಂಕಿಅಂಶಗಳನ್ನು ಪರಿಶೀಲಿಸಿ 1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1965ರಿಂದ 1982ರ ನಡುವೆ ಗರ್ಭಕಂಠದ ಕ್ಯಾನ್ಸರಿನ ಸಾವುಗಳು ಐಸ್‌ಲ್ಯಾಂಡಿನಲ್ಲಿ ಸುಮಾರು ಶೇ. 80ರಷ್ಟು, ಫಿನ್‌ಲ್ಯಾಂಡಿನಲ್ಲಿ ಶೇ. 50ರಷ್ಟು ಇಳಿದವು, ನಾರ್ವೆಯಲ್ಲಿ ಇಳಿದದ್ದು ಶೇ. 10ರಷ್ಟು ಮಾತ್ರ. ಪರೀಕ್ಷೆ ಎಲ್ಲೆಡೆಯೂ ಅದೇ, ವೈದ್ಯರ ವಿದ್ಯೆಯೂ ಹೆಚ್ಚುಕಡಿಮೆ ಅದೇ. ಮೊದಲ ಎರಡು ದೇಶಗಳಲ್ಲಿ ನಿರ್ದಿಷ್ಟ ವಯಸ್ಸಿನ ಹೆಂಗಸರೆಲ್ಲರ ಹೆಸರಿನ ಪಟ್ಟಿಯನ್ನಿಟ್ಟುಕೊಂಡು, ಗೊತ್ತಾದ ಅವಧಿಗೊಮ್ಮೆ ಪತ್ರ ಬರೆದು ಕರೆದು, ಬಾರದವರನ್ನು ಮತ್ತೆ ಕರೆದು, ದೋಷ ಕಂಡವರಿಗೆ ಚಿಕಿತ್ಸೆ ಆಯಿತೇ ಎಂದು ನೋಡುವ ವ್ಯವಸ್ಥೆ ಇತ್ತು. ನಾರ್ವೆಯಲ್ಲಿ ಅಂಥ ಸಂಘಟಿತ ವ್ಯವಸ್ಥೆ ಜನಸಂಖ್ಯೆಯ ಸಣ್ಣ ಭಾಗಕ್ಕೆ ಮಾತ್ರ ಮುಟ್ಟಿತ್ತು. ಬ್ರಿಟನ್ ಕೂಡ 1960ರ ದಶಕದಿಂದ ಲೇಪನ ತೆಗೆಯುತ್ತಿದ್ದರೂ, 1988ರಲ್ಲಿ ಹೆಸರು ಹಿಡಿದು ಕರೆಯುವ ಕ್ರಮ ಬಂದ ಮೇಲಷ್ಟೇ ಅಲ್ಲಿನ ಸಾವುಗಳು ಗಣನೀಯವಾಗಿ ಇಳಿದವು. ಪಾಪಾನಿಕೊಲಾವ್ ಅವರ ಲೇಪನಕ್ಕೆ ಒಂದು ಸಲಕ್ಕೆ ಕಾಣದೆ ತಪ್ಪಿಹೋಗುವ ರೋಗ ಕಡಿಮೆಯೇನಲ್ಲ. ಪೂರ್ವಾವಸ್ಥೆಯಿಂದ ಕ್ಯಾನ್ಸರಿನವರೆಗೆ ರೋಗ ತೆಗೆದುಕೊಳ್ಳುವ ಹತ್ತಾರು ವರ್ಷಗಳ ನಿಧಾನವೇ ಈ ಕೊರತೆಯನ್ನು ತುಂಬಿಕೊಡುತ್ತದೆ, ಏಕೆಂದರೆ ಮೂರು ವರ್ಷಕ್ಕೊಮ್ಮೆ ಮತ್ತೆ ಮತ್ತೆ ನೋಡಿದಾಗ ಒಮ್ಮೆ ತಪ್ಪಿದ್ದು ಮುಂದಿನ ಸಲ ಸಿಗುತ್ತದೆ. ಹಾಗೆ ಮತ್ತೆ ಮತ್ತೆ ಕರೆಯಲಾಗದ ಕಡೆ ಈ ಪರೀಕ್ಷೆಯ ಬಲ ಬಹಳ ಇಳಿಯುವುದರಲ್ಲಿ ಆಶ್ಚರ್ಯವಿಲ್ಲ.

ಜರ್ಮನಿಯ ಹರಾಲ್ಡ್ ತ್ಸೂರ್ ಹೌಸೆನ್ 1983–84ರಲ್ಲಿ ಈ ಕ್ಯಾನ್ಸರಿನ ಅಂಗಾಂಶದಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ, ಅಂದರೆ ಎಚ್‌ಪಿವಿಯ, 16 ಮತ್ತು 18ನೆಯ ಬಗೆಗಳನ್ನು ಗುರುತಿಸಿದ ಮೇಲೆ ಚಿತ್ರ ಮತ್ತೊಮ್ಮೆ ಬದಲಾಯಿತು. ಅವರಿಗೆ 2008ರಲ್ಲಿ ನೊಬೆಲ್ ದೊರೆಯಿತು. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ಸಿನ ಸೋಂಕು ಬಹುಪಾಲು ಹೆಂಗಸರಲ್ಲಿ ತಾನಾಗಿ ಮಾಯವಾಗುತ್ತದೆ. ವರ್ಷಗಟ್ಟಲೆ ಉಳಿದುಕೊಂಡ ಕಡೆ ಮಾತ್ರ ಪೂರ್ವಾವಸ್ಥೆ, ಮುಂದೆ ಕ್ಯಾನ್ಸರು. ಕೋಶದಲ್ಲಾದ ಬದಲಾವಣೆಯನ್ನು ಕಣ್ಣಿನಿಂದ ಹುಡುಕುವ ಬದಲು ಅದಕ್ಕೆ ಕಾರಣವಾದ ವೈರಸ್ಸನ್ನೇ ಹುಡುಕುವ ಪರೀಕ್ಷೆಯೂ, 2006ರಿಂದ ಲಸಿಕೆಯೂ ಇದರಿಂದ ಸಾಧ್ಯವಾದವು.

ಭಾರತದ ಸಂಶೋಧನೆಗಳು ಈ ಚರಿತ್ರೆಗೆ ಸೇರಿಕೊಳ್ಳುವುದು ಇಲ್ಲಿ. ಬೀದರ್ ಮತ್ತು ಕಲಬುರಗಿ ಜಿಲ್ಲೆಗಳಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಆರ್. ಶಂಕರನಾರಾಯಣನ್ ಅವರ ಮುಂದಾಳತನದಲ್ಲಿ, 30ರಿಂದ 59 ವಯಸ್ಸಿನ 1,31,746 ಹೆಂಗಸರನ್ನು ನಾಲ್ಕು ಗುಂಪು ಮಾಡಿ ನಡೆಸಿದ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಚ್‌ಪಿವಿ ಪರೀಕ್ಷೆ, ಒಂದಕ್ಕೆ ಪ್ಯಾಪ್ ಲೇಪನ, ಒಂದಕ್ಕೆ ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಹಚ್ಚಿ ಬಿಳಿಯಾಗುವ ಭಾಗವನ್ನು ಬರಿಗಣ್ಣಿನಿಂದ ನೋಡುವ ವಿಐಎ ಎಂಬ ಪರೀಕ್ಷೆ, ನಾಲ್ಕನೆಯದಕ್ಕೆ ವಾಡಿಕೆಯ ಆರೈಕೆ ಮಾತ್ರ; ಪರೀಕ್ಷೆಗಳನ್ನು ಮಾಡಿದ್ದು ಒಂದೊಂದೇ ಬಾರಿ. ಎಂಟು ವರ್ಷಗಳ ಬಳಿಕ ನೋಡಿದಾಗ, ನಾಲ್ಕನೆಯ ಗುಂಪಿನಲ್ಲಿ 64 ಸಾವುಗಳಾಗಿದ್ದರೆ ಎಚ್‌ಪಿವಿ ಗುಂಪಿನಲ್ಲಿ 34; ಲೇಪನದ ಗುಂಪಿನಲ್ಲಾಗಲಿ ವಿಐಎ ಗುಂಪಿನಲ್ಲಾಗಲಿ ಅರ್ಥಪೂರ್ಣವಾದ ಇಳಿಕೆ ಕಾಣಲಿಲ್ಲ. ಅದೇ ವಿಐಎ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ಶೇ. 35ರಷ್ಟು, ಎರಡು ವರ್ಷಕ್ಕೊಮ್ಮೆ ಮರಳಿ ಮಾಡಿದ ಮುಂಬಯಿಯ ಅಧ್ಯಯನದಲ್ಲಿ ಶೇ. 31ರಷ್ಟು ಸಾವುಗಳನ್ನು ತಗ್ಗಿಸಿತು. ಪರಿಣಾಮಕಾರಿ ಪರೀಕ್ಷೆ ಗೊತ್ತಿದ್ದೂ ಒಂದು ಗುಂಪಿನ ಹೆಂಗಸರನ್ನು ತಪಾಸಣೆಯಿಂದ ಹೊರಗಿಟ್ಟದ್ದು ಸರಿಯೇ ಎಂಬ ಟೀಕೆ ಈ ಅಧ್ಯಯನಗಳ ಮೇಲೆ ಬಂದಿದೆ. ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಅವುಗಳ ಪಾಠವಂತೂ ಸ್ಪಷ್ಟ. ಆಗಾಗ ಕರೆಯುವ ಶಕ್ತಿಯಿಲ್ಲದ ವ್ಯವಸ್ಥೆಗೆ ಒಂದೇ ಬಾರಿಗೆ ಹೆಚ್ಚು ಹಿಡಿಯುವ ಎಚ್‌ಪಿವಿ ಪರೀಕ್ಷೆ ಲೇಪನಕ್ಕಿಂತ ಸೂಕ್ತ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1980ರ ದಶಕದ ಆರಂಭದಿಂದ ನಡೆಯುತ್ತಿರುವ ಕ್ಯಾನ್ಸರ್ ನೋಂದಣಿಯ ದಾಖಲೆಗಳಲ್ಲಿ, ನಗರದ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರಿನ ಪ್ರಮಾಣ ಇಳಿಯುತ್ತ, ಸ್ತನ ಕ್ಯಾನ್ಸರು ಅದನ್ನು ಹಿಂದಿಕ್ಕಿದ್ದು ಕಾಣುತ್ತದೆ. ಈ ಇಳಿಕೆ ತಪಾಸಣೆಯ ಫಲವೆಂದು ಹೇಳಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಮದುವೆಯ ವಯಸ್ಸು ಏರಿದ್ದು, ಹೆರಿಗೆಗಳು ಕಡಿಮೆಯಾದದ್ದು, ಶುಚಿತ್ವ ಹೆಚ್ಚಿದ್ದು ಹೀಗೆ ಬದುಕಿನ ಬದಲಾವಣೆಗಳೇ ಅದಕ್ಕೆ ಕಾರಣವೆಂದು ತಜ್ಞರ ಅಭಿಪ್ರಾಯ. 2020ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 1.23 ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು, 77 ಸಾವಿರಕ್ಕೂ ಹೆಚ್ಚು ಸಾವುಗಳು. 30ರಿಂದ 65 ವಯಸ್ಸಿನ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ವಿಐಎ ಮಾಡಬೇಕೆಂಬ ಕೇಂದ್ರ ಸರ್ಕಾರದ ಮಾರ್ಗಸೂಚಿ 2016ರಲ್ಲೇ ಬಂದಿದೆ. ಹಾಗಿದ್ದೂ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 30ರಿಂದ 49 ವಯಸ್ಸಿನ ಹೆಂಗಸರನ್ನು ಕೇಳಿದಾಗ, ಒಮ್ಮೆಯಾದರೂ ಈ ತಪಾಸಣೆಗೆ ಒಳಗಾದವರೆಂದು ಹೇಳಿದವರು ಶೇ. 1.9 ಮಾತ್ರ.

ಪ್ರಯೋಗಾಲಯದಲ್ಲಿ ಆಗಬೇಕಾದ ಕೆಲಸ ಬಹುಮಟ್ಟಿಗೆ ಆಗಿದೆ; ಉಳಿದಿರುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಲಸ. ಆದುದರಿಂದ ಈ ನಾಡಿನ ವೈದ್ಯರಲ್ಲಿ, ಆಡಳಿತಗಾರರಲ್ಲಿ ಕೇಳಿಕೊಳ್ಳಬೇಕಾದದ್ದು ಇಷ್ಟು: ಪ್ರತಿ ಕೇಂದ್ರದಲ್ಲಿ ಮೂವತ್ತು ದಾಟಿದ ಹೆಂಗಸರ ಹೆಸರುಗಳ ಪಟ್ಟಿಯೊಂದು ಇರಲಿ, ಆಶಾ ಕಾರ್ಯಕರ್ತೆಯರ ಮೂಲಕ ಅವರನ್ನು ಕರೆಯುವ ಏರ್ಪಾಟಾಗಲಿ, ಪರೀಕ್ಷೆಯಲ್ಲಿ ದೋಷ ಕಂಡವರು ತಾಲ್ಲೂಕು ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪಡೆದರೇ ಎಂದು ಅದೇ ಪಟ್ಟಿಯಲ್ಲಿ ಗುರುತು ಹಾಕುವ ಜವಾಬ್ದಾರಿಯನ್ನು ಯಾರಾದರೊಬ್ಬರ ಹೆಸರಿಗೆ ವಹಿಸಲಿ.